ಕಪ್ಪೆ ಸಾಕುವ ಮುನ್ನ

ಕಳೆದ ವರ್ಷ ಬೇಸಗೆಯ ಒಂದು ರಾತ್ರಿ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗ ರಜೆಗೆಂದು ಐಮಂಗಲದ ನಮ್ಮ ಮನೆಗೆ ಬಂದಿದ್ದ. ಊಟ ಮುಗಿಸಿ, ಸೆಕೆ ತಾಳಲಾರದೆ ಇಬ್ಬರೂ ಜಗಲಿಯ ಮೇಲೆ ಕುಳಿತಿದ್ದೆವು. ಹುಡುಗ ಕೈಯಲ್ಲಿದ್ದ ಫೋನಿನಿಂದ ತಲೆಯೆತ್ತಿ, "ತಾತಾ, ನಾನೊಂದೆರಡು ಕಪ್ಪೆ ಸಾಕಲಾ?" ಎಂದು ಕೇಳಿದ. ಕುರಿ ಸಾಕುವವರ ಸೀಮೆ ನಮ್ಮದು. ಹಸು ಎಮ್ಮೆಗಳ ಮಾತಿರಲಿ, ಗಿಳಿ, ಮೊಲ, ಪಾರಿವಾಳಗಳನ್ನು ಸಾಕಿದವರನ್ನೂ ನಾನು ಬಲ್ಲೆ. ಕಪ್ಪೆ ಸಾಕುತ್ತೇನೆಂದವರನ್ನು ಕಂಡದ್ದು ಮಾತ್ರ ಅದೇ ಮೊದಲು. "ಕಪ್ಪೇನ ಯಾರಾದ್ರೂ ಸಾಕ್ತಾರೇನಪ್ಪಾ?" ಎಂದೆ. ಅವನು ಚಿತ್ರಗಳನ್ನು ತೋರಿಸಿದ. ಹೆಬ್ಬೆರಳಿನ ತುದಿಯಷ್ಟರ ಜೀವಗಳು. ಒಂದು ಅಚ್ಚ ನೀಲಿ, ಒಂದು ಹಳದಿಯ ಮೇಲೆ ಕಪ್ಪು ಪಟ್ಟೆ, ಇನ್ನೊಂದು ಪಚ್ಚೆ ಹರಳಿನಂತೆ ಹಸುರು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನವು. ಅವನ್ನು 'ಡಾರ್ಟ್ ಫ್ರಾಗ್' ಎನ್ನುತ್ತಾರಂತೆ. ಅಲ್ಲಿನ ಬುಡಕಟ್ಟಿನವರು ಇವುಗಳ ಮೈಯ ವಿಷವನ್ನು ಬಾಣದ ಮೊನೆಗೆ ಸವರುತ್ತಿದ್ದುದರಿಂದ ಬಂದ ಹೆಸರು ಅದು. ನಾವು ಬಾಣಗಪ್ಪೆ ಎನ್ನೋಣ.

ಹುಡುಗನಿಗೆ ನಾನು ಆ ರಾತ್ರಿ ಉತ್ತರ ಕೊಡಲಿಲ್ಲ. ಕನ್ನಡದ ಮೇಷ್ಟ್ರಾಗಿ ಬದುಕು ಕಳೆದವನಿಗೆ ಪ್ರಾಣಿಶಾಸ್ತ್ರ ತಿಳಿಯದೆಂಬುದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಕಪ್ಪೆ ಸಾಕುವ ಕೆಲಸವನ್ನು ನಾನೂ ಒಮ್ಮೆ ಮಾಡಿದ್ದೆ. ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ಹಿರಿಯೂರು ಮತ್ತು ಚಿತ್ರದುರ್ಗಗಳ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ನಮ್ಮೂರು ಮಳೆಗೆ ಹೆಸರಾದದ್ದಲ್ಲ. ವರ್ಷಕ್ಕೆ 600 ಮಿಲಿಮೀಟರು ಬಿದ್ದರೆ ಅದನ್ನೇ ಸುಭಿಕ್ಷವೆಂದುಕೊಳ್ಳುವ ಬಯಲುಸೀಮೆ ಇದು. 1965 ಮತ್ತು 1966, ದೇಶಕ್ಕೇ ಒಂದರ ಮೇಲೊಂದು ಬರ ಬಿದ್ದ ವರ್ಷಗಳು. ನನಗಾಗ ಎಂಟೊಂಬತ್ತು ವಯಸ್ಸು. ಮಳೆ ಬಾರದಿದ್ದಾಗ ಕಪ್ಪೆಗೆ ಮದುವೆ ಮಾಡುವುದು, ಕಪ್ಪೆಯನ್ನು ಹೊತ್ತು ಮನೆ ಮನೆ ತಿರುಗುವುದು ನಾಡಿನ ಹಲವು ಕಡೆ ಇರುವ ಆಚಾರ; 2019ರಲ್ಲಿ ಉಡುಪಿಯಂಥ ಮಳೆನಾಡಿನಲ್ಲಿಯೇ ಕಪ್ಪೆಗಳ ಮದುವೆ ನಡೆದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. 1966ರಲ್ಲಿ ನಮ್ಮ ಕೇರಿಯ ಹಿರಿಯರೂ ಇದನ್ನು ಮಾಡಿಸಿದರು. ಕಪ್ಪೆ ಹಿಡಿದು ತರುವ ಕೆಲಸ ಹುಡುಗರಾದ ನಮ್ಮ ಪಾಲಿಗೆ ಬಂತು. ಬರಗಾಲದಲ್ಲಿ ಕಪ್ಪೆ ಎಲ್ಲಿ ಸಿಕ್ಕೀತು? ಎರಡು ದಿನ ಹುಡುಕಿ, ಹಾಳುಬಾವಿಯ ಕಲ್ಲಿನ ಸಂದಿಯಲ್ಲಿ ಒಂದನ್ನು ಕಂಡೆವು. ಹೊಸ ಮಡಕೆಯಲ್ಲಿ ನೀರು ಹಾಕಿ, ಬೇವಿನ ಸೊಪ್ಪು ಹಾಸಿ, ಅದನ್ನು ಕೂರಿಸಿ ಮೆರವಣಿಗೆ ಹೊರಟೆವು. ಹೆಂಗಸರು ನಮ್ಮ ತಲೆಯ ಮೇಲೂ ಮಡಕೆಯ ಮೇಲೂ ನೀರು ಸುರಿದರು. ಕುಡಿಯುವ ನೀರಿಗೇ ತತ್ವಾರವಿದ್ದ ದಿನಗಳಲ್ಲಿ ಕಪ್ಪೆಗೆಂದು ತುಂಬಿದ ಚೆಂಬು ಸುರಿದ ಆ ಕೈಗಳನ್ನು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ.

ಸಂಜೆ ನನ್ನ ಅಜ್ಜಿ, "ಎಲ್ಲಿಂದ ತಂದಿರೋ ಅಲ್ಲೇ ಬಿಟ್ಟು ಬನ್ರಪ್ಪಾ" ಎಂದಳು. ನಾನು ಬಿಡಲಿಲ್ಲ. ಬೆಳಿಗ್ಗೆ ಇನ್ನೊಂದು ಕೇರಿಯ ಹುಡುಗರಿಗೆ ತೋರಿಸುವ ಆಸೆ. ಮಡಕೆಯ ಬಾಯಿಗೆ ಹೆಂಚು ಮುಚ್ಚಿ ಹಿತ್ತಲಲ್ಲಿ ಬಚ್ಚಿಟ್ಟೆ. ಬೆಳಗಾಗುವ ಹೊತ್ತಿಗೆ ಹುಡುಗುಬುದ್ಧಿ ಬೇರೆ ಆಟದ ಕಡೆ ಹೋಯಿತು. ಮೂರನೆಯ ದಿನ ಹೆಂಚು ತೆಗೆದಾಗ ಮಡಕೆಯಲ್ಲಿ ನೀರಿರಲಿಲ್ಲ. ಕಪ್ಪೆ ಒಣಗಿದ ಎಲೆಯಂತೆ ತಳಕ್ಕೆ ಅಂಟಿಕೊಂಡಿತ್ತು. ಮಳೆ ಆ ವರ್ಷವೂ ಕೈಕೊಟ್ಟಿತು. ಅದು ನನ್ನಿಂದಲೇ ಎಂದು ನಾನು ಬಹುಕಾಲ ನಂಬಿದ್ದೆ. ಬುದ್ಧಿ ಬಲಿತ ಮೇಲೆ ಆ ನಂಬಿಕೆ ಹೋಯಿತು. ಆ ಮಡಕೆ ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ಮೊಮ್ಮಗನ ಪ್ರಶ್ನೆಯ ನೆಪದಿಂದ ನಾನು ಓದತೊಡಗಿದೆ. ಮೊದಲು ನಮ್ಮ ಪರಂಪರೆಯನ್ನೇ ನೋಡಿದೆ. ಕಪ್ಪೆಗೆ ಅಲ್ಲಿ ಕಡಿಮೆ ಗೌರವವೇನಿಲ್ಲ. ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತ ಕಪ್ಪೆಗಳಿಗೇ ಮೀಸಲು. ಮಳೆ ಬಿದ್ದೊಡನೆ ದನಿಯೆತ್ತುವ ಅವನ್ನು ಆ ಋಷಿ ಮಂತ್ರ ಪಠಿಸುವವರಿಗೆ ಹೋಲಿಸುತ್ತಾನೆ. ಮಹಾವೀರನ ದರ್ಶನಕ್ಕೆಂದು ಒಂದು ಹೂವನ್ನು ಹಿಡಿದು ಹೊರಟ ರಾಜಗೃಹದ ಕಪ್ಪೆ ಆನೆಯ ಕಾಲಿಗೆ ಸಿಕ್ಕಿ ಸತ್ತು ದೇವನಾಗಿ ಹುಟ್ಟಿತೆಂಬುದು ಜೈನರಲ್ಲಿ ಪ್ರಸಿದ್ಧವಾದ ಕಥೆ. ಶೃಂಗೇರಿಯ ತುಂಗಾತೀರದಲ್ಲಿ 'ಕಪ್ಪೆ ಶಂಕರ'ನೆಂಬ ಗುಡಿಯೇ ಇದೆ. ಬಿಸಿಲಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಹಾವು ಹೆಡೆಯ ನೆರಳು ಹಿಡಿದದ್ದನ್ನು ಶಂಕರಾಚಾರ್ಯರು ಅಲ್ಲಿ ಕಂಡರೆಂಬ ಐತಿಹ್ಯ ಅದಕ್ಕೆ ಅಂಟಿಕೊಂಡಿದೆ. ವೈಯಾಕರಣರು ನಡುವಿನ ಸೂತ್ರಗಳನ್ನು ದಾಟಿ ಮುಂದಿನದಕ್ಕೆ ಅನ್ವಯವಾಗುವ ಪದವನ್ನು ಕಂಡು 'ಮಂಡೂಕಪ್ಲುತಿ' ಎಂದರು. ಬಾದಾಮಿಯ ಬಂಡೆಯಲ್ಲಿ ಕನ್ನಡದ ಹಳೆಯ ತ್ರಿಪದಿಗಳಿಗೆ ನಾಯಕನಾದ ಕಪ್ಪೆ ಅರಭಟ್ಟನ ಹೆಸರಿನಲ್ಲಿಯೂ ಕಪ್ಪೆಯಿದೆ; ಆ ಕಪ್ಪೆಗೂ ನಮ್ಮ ಕಪ್ಪೆಗೂ ನಂಟುಂಟೆಂದು ನಾನು ವಾದಿಸುವುದಿಲ್ಲ.

ಇಷ್ಟೆಲ್ಲ ಇದ್ದರೂ ಕಪ್ಪೆಯನ್ನು ಸಾಕಿದವರ ಕಥೆ ನನಗೆ ಕಾಣಲಿಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಕ್ಕಾಗಿ ಕೋಳಿ, ಟಗರು, ಲಾವುಗೆ, ಪಾರಿವಾಳಗಳೆಲ್ಲ ಬರುತ್ತವೆ; ಕಪ್ಪೆಯನ್ನು ನಾನಲ್ಲಿ ಕಾಣೆ. ಕಪ್ಪೆ ನಮ್ಮವರಿಗೆ ಮಳೆಯ ದೂತ. ದೂತನನ್ನು ಒಂದು ದಿನ ಮನೆಗೆ ಕರೆದು ಸತ್ಕರಿಸಿ ಕಳಿಸಬಹುದು, ಕಟ್ಟಿಹಾಕಿ ಇಟ್ಟುಕೊಳ್ಳಬಾರದು. ಅಜ್ಜಿಯ ಒಂದು ವಾಕ್ಯದಲ್ಲಿದ್ದ ಧರ್ಮ ಇದೇ ಇರಬೇಕು.

ಈ ಧರ್ಮ ಮುರಿದದ್ದು ನಮ್ಮ ಕಾಲದಲ್ಲಿಯೇ. 1950ರ ದಶಕದಿಂದ ಕಪ್ಪೆಯ ಹಿಂಗಾಲುಗಳನ್ನು ಕತ್ತರಿಸಿ ಹೆಪ್ಪುಗಟ್ಟಿಸಿ ಯೂರೋಪು ಅಮೆರಿಕಗಳ ಊಟದ ಮೇಜಿಗೆ ಕಳಿಸುವ ವ್ಯಾಪಾರ ಭಾರತದಲ್ಲಿ ಬೆಳೆಯಿತು. 1981ರ ಒಂದೇ ವರ್ಷದಲ್ಲಿ ಹೀಗೆ ಹಡಗು ಹತ್ತಿದ ಕಾಲುಗಳ ತೂಕ 4,000 ಟನ್ನಿಗೂ ಮೇಲೆ. ಗದ್ದೆಯ ಹುಳುಗಳನ್ನು ತಿನ್ನುವ ಕಪ್ಪೆ ಮಾಯವಾದರೆ ಕೀಟನಾಶಕಕ್ಕೆ ಹಣ ಸುರಿಯಬೇಕಾಗುತ್ತದೆಂಬ ಲೆಕ್ಕ ತಡವಾಗಿ ಹೊಳೆದು, 1987ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಇನ್ನೊಂದು ಕಡೆ, ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಮೇಣದ ತಟ್ಟೆಯ ಮೇಲೆ ನಾಲ್ಕು ಕಾಲಿಗೆ ಗುಂಡುಸೂಜಿ ಚುಚ್ಚಿಸಿಕೊಂಡು ಮಲಗಿದ ಕಪ್ಪೆಗಳನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2011ರಲ್ಲಿ ಆ ಪದ್ಧತಿಯನ್ನು ತಗ್ಗಿಸಲು ಸೂಚಿಸಿ, 2014ರಲ್ಲಿ ನಿಲ್ಲಿಸಲು ಹೇಳಿತು. ಒಟ್ಟಿನಲ್ಲಿ ನಾವು ಕಪ್ಪೆಯನ್ನು ಪೂಜಿಸಿದ್ದುಂಟು, ಮಾರಿದ್ದುಂಟು, ಕೊಯ್ದದ್ದುಂಟು, ಸಾಕಿದ್ದಿಲ್ಲ.

ಹಾಗಾದರೆ ಬಾಣಗಪ್ಪೆಯನ್ನು ಮೊದಲು ಸಾಕಿದವರು ಯಾರು? ಈ ಪ್ರಶ್ನೆಗೆ ಒಂದು ಹಳೆಯ ದಾಖಲೆ ಸಿಕ್ಕಿತು. ಬ್ರಿಟಿಷ್ ನೌಕಾಪಡೆಯ ಚಾರ್ಲ್ಸ್ ಸ್ಟುವರ್ಟ್ ಕಾಕ್ರನ್ ಎಂಬ ಕಪ್ತಾನನು 1823 ಮತ್ತು 1824ರಲ್ಲಿ ಕೊಲಂಬಿಯಾ ದೇಶವನ್ನು ಸುತ್ತಿ, ಮರುವರ್ಷ ಪ್ರವಾಸಕಥನವನ್ನು ಪ್ರಕಟಿಸಿದ. ಅಲ್ಲಿನ ಕಾಡಿನ ಜನ ಕಪ್ಪೆಗಳನ್ನು ಹಿಡಿದು ಟೊಳ್ಳು ಬಿದಿರಿನಂಥ ಕೊಳವೆಯಲ್ಲಿಟ್ಟು, ವಿಷ ಬೇಕಾಗುವ ದಿನದವರೆಗೆ ತಪ್ಪದೆ ಮೇವು ಹಾಕುತ್ತಿದ್ದರೆಂದು ಅವನು ಬರೆದಿದ್ದಾನೆ. ಬೇಕಾದಾಗ ಕಪ್ಪೆಯ ಬಾಯಿಂದ ಕಡ್ಡಿ ತೂರಿಸಿ, ಸಂಕಟಕ್ಕೆ ಅದರ ಬೆನ್ನ ಮೇಲೆ ಒಸರುವ ನೊರೆಗೆ ಬಾಣದ ಮೊನೆಯನ್ನು ಅದ್ದುತ್ತಿದ್ದರಂತೆ. ಕಪ್ಪೆ ಸಾಕಣೆಯ ಈ ಮೊದಲ ಪುಟ ಅಷ್ಟೇನೂ ಹಿತವಾದದ್ದಲ್ಲ.

ಆ ಕುಟುಂಬದಲ್ಲಿ ಈಗ ಇನ್ನೂರರಷ್ಟು ಬಗೆಗಳನ್ನು ಗುರುತಿಸಿದ್ದಾರೆ. ಬಾಣಕ್ಕೆ ಬಳಕೆಯಾದವು ಮೂರೋ ನಾಲ್ಕೋ ಮಾತ್ರ. ಅವುಗಳಲ್ಲಿ ಅತ್ಯಂತ ಉಗ್ರವಾದದ್ದನ್ನು ಚಾರ್ಲ್ಸ್ ಮೈಯರ್ಸ್, ಜಾನ್ ಡೇಲಿ ಮತ್ತು ಬೋರಿಸ್ ಮಾಲ್ಕಿನ್ ಎಂಬವರು 1978ರಲ್ಲಿ ಲೋಕಕ್ಕೆ ಪರಿಚಯಿಸಿ, 'ಫಿಲ್ಲೊಬೇಟಿಸ್ ಟೆರ್ರಿಬಿಲಿಸ್' ಎಂದು ಹೆಸರಿಟ್ಟರು. ಬಂಗಾರದ ಬಣ್ಣದ ಒಂದು ಕಪ್ಪೆಯ ಚರ್ಮದಲ್ಲಿರುವ ವಿಷ ಸುಮಾರು ಒಂದು ಮಿಲಿಗ್ರಾಂ. ಹತ್ತು ಮಂದಿಯನ್ನು ಕೊಲ್ಲಲು ಅಷ್ಟು ಸಾಕು. ಕೊಲಂಬಿಯಾದ ಎಂಬೆರಾ ಜನ ಇದನ್ನು ಚುಚ್ಚುವ ಗೋಜಿಗೂ ಹೋಗದೆ, ಬಾಣದ ತುದಿಯನ್ನು ಜೀವಂತ ಕಪ್ಪೆಯ ಬೆನ್ನಿಗೆ ಉಜ್ಜಿ ಬಿಟ್ಟುಬಿಡುತ್ತಿದ್ದರು.

ಇಲ್ಲಿಂದ ಮುಂದಿನ ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಡೇಲಿ ಈ ಕಪ್ಪೆಗಳ ವಿಷವನ್ನು ದಶಕಗಳ ಕಾಲ ಶೋಧಿಸಿದರು. 1974ರಲ್ಲಿ ಈಕ್ವೆಡಾರಿನ ಒಂದು ಕಪ್ಪೆಯಿಂದ ಅವರು ಸಂಗ್ರಹಿಸಿದ ವಸ್ತುವೊಂದರ ರಚನೆ 1992ರಲ್ಲಿ ಬಿಡಿಸಿಕೊಂಡಾಗ, ಅದು ನೋವು ಶಮನಗೊಳಿಸುವುದರಲ್ಲಿ ಮಾರ್ಫಿನ್‌ಗಿಂತ ಇನ್ನೂರು ಪಟ್ಟು ಬಲಶಾಲಿಯೆಂದು ತಿಳಿಯಿತು. ಮದ್ದಾಗಲಾರದಷ್ಟು ವಿಷವೂ ಹೌದೆಂದು ತಿಳಿಯಿತು. ಆದರೆ ಗಾಜಿನ ಪೆಟ್ಟಿಗೆಯಲ್ಲಿಯೇ ಹುಟ್ಟಿ ಹಣ್ಣುನೊಣ ತಿಂದು ಬೆಳೆದ ಬಾಣಗಪ್ಪೆಗಳ ಚರ್ಮದಲ್ಲಿ ಈ ಬಗೆಯ ವಿಷ ಸಿಗಲಿಲ್ಲ. ಕಾಡಿನ ತರಗೆಲೆಯಲ್ಲಿರುವ ಇರುವೆ, ನುಸಿಗಳನ್ನು ತಿಂದು, ಅವುಗಳಲ್ಲಿನ ವಿಷವನ್ನು ಕಪ್ಪೆ ತನ್ನ ಚರ್ಮದಲ್ಲಿ ಕೂಡಿಡುತ್ತದೆ. ಅಂದರೆ ಆ ವಿಷ ಕಪ್ಪೆಗೆ ಅದರ ನಾಡು ಕೊಟ್ಟ ಸಾಲ. ನಾಡಿನಿಂದ ಬಿಡಿಸಿದರೆ ಬಣ್ಣ ಉಳಿಯುತ್ತದೆ, ಬಣ್ಣ ಹೇಳುತ್ತಿದ್ದ ಎಚ್ಚರಿಕೆಯ ಅರ್ಥ ಹೋಗುತ್ತದೆ. ಸಾಕುವವನಿಗೆ ಇದು ಅನುಕೂಲ. ಮಗುವಿರುವ ಮನೆಯಲ್ಲೂ ಇಡಬಹುದು. ನನಗೆ ಮಾತ್ರ, ಹಳ್ಳಿ ಬಿಟ್ಟು ಬಂದು ಮಾತಿನ ಮೊನಚು ಕಳೆದುಕೊಂಡವರ ನೆನಪಾಯಿತು.

ಈಗ, ಹೊಸಬನೊಬ್ಬ ಇವನ್ನು ಸಾಕುವುದಾದರೆ ಹೇಗೆ ಮೊದಲಿಡಬೇಕು ಎಂಬುದಕ್ಕೆ ಬರುತ್ತೇನೆ. ಇದಕ್ಕೂ ಒಂದು ಇತಿಹಾಸವಿದೆ. ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯನು 1829ರ ಸುಮಾರಿಗೆ ಮುಚ್ಚಿದ ಗಾಜಿನ ಸೀಸೆಯೊಂದರಲ್ಲಿ ಚಿಟ್ಟೆಯ ಕೋಶವೊಂದನ್ನು ಇಟ್ಟಿದ್ದ. ಚಿಟ್ಟೆಗಿಂತ ಮೊದಲು ಆ ಮಣ್ಣಿನಲ್ಲಿ ಜರಿಗಿಡ ಮೊಳೆಯಿತು. ಮಣ್ಣಿನ ತೇವ ಆವಿಯಾಗಿ ಗಾಜಿಗೆ ಕಟ್ಟಿ ಮತ್ತೆ ಮಣ್ಣಿಗೆ ಇಳಿಯುವ ಪುಟ್ಟ ಮಳೆಗಾಲ ಸೀಸೆಯೊಳಗೆ ನಡೆಯುತ್ತಿತ್ತು. ಅದರಿಂದ ಹುಟ್ಟಿದ ವಾರ್ಡನ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನಾದ ಚಹಾ ಸಸಿಗಳು ಹಡಗಿನಲ್ಲಿ ಭಾರತಕ್ಕೆ ಬಂದದ್ದು. ಇಂದು ಬಾಣಗಪ್ಪೆಗೆ ಮನೆಯಾಗುವುದು ಅದರ ಮೊಮ್ಮಗ ಪೆಟ್ಟಿಗೆ.

ಎರಡು ಕಪ್ಪೆಗೆ ಉದ್ದ, ಅಗಲ, ಎತ್ತರ ಮೂರೂ 45 ಸೆಂಟಿಮೀಟರಿನ ಗಾಜಿನ ಪೆಟ್ಟಿಗೆ ಸಾಲುತ್ತದೆ. ತಳದಲ್ಲಿ ನೀರು ಇಳಿದು ನಿಲ್ಲಲು ಬೆಣಚುಕಲ್ಲು ಅಥವಾ ಸುಟ್ಟ ಮಣ್ಣಿನ ಉಂಡೆ, ಅದರ ಮೇಲೆ ಜಾಲರಿ, ಅದರ ಮೇಲೆ ತೆಂಗಿನ ನಾರಿನ ಪುಡಿ ಬೆರೆತ ಮಣ್ಣು, ಪಾಚಿ, ಜರಿಗಿಡ, ಎಲ್ಲಕ್ಕೂ ಮೇಲೆ ಒಣ ತರಗೆಲೆ. ಆ ತರಗೆಲೆಯಲ್ಲಿ ಕಸ ತಿಂದು ಬದುಕುವ ಸೂಕ್ಷ್ಮಕೀಟಗಳನ್ನು ಬಿಡಬೇಕು. ಅವೇ ಪೆಟ್ಟಿಗೆಯ ಜಾಡಮಾಲಿಗಳು, ಕಪ್ಪೆಗೆ ನಡುನಡುವೆ ಕುರುಕು ತಿಂಡಿಯೂ ಹೌದು. ಕ್ಲೋರಿನ್ ಇಲ್ಲದ ನೀರನ್ನು ದಿನವೂ ತುಂತುರಾಗಿ ಎರಚಬೇಕು. ಬಿಸಿ 22ರಿಂದ 26 ಡಿಗ್ರಿಯೊಳಗಿರಬೇಕು. 30 ದಾಟಿದರೆ ಪ್ರಾಣಕ್ಕೆ ಅಪಾಯ. ಕೈಯಿಂದ ಮುಟ್ಟಿ ಮುದ್ದಿಸುವ ಪ್ರಾಣಿ ಇದಲ್ಲ. ನಮ್ಮ ಬೆರಳಿನ ಉಪ್ಪು, ಸೋಪು ಅದರ ತೇವದ ಚರ್ಮಕ್ಕೆ ಉರಿ. ಇದನ್ನು ನೋಡಬೇಕು ಅಷ್ಟೆ. ನಮ್ಮ ಬಹುಪಾಲು ಕಪ್ಪೆಗಳಂತೆ ರಾತ್ರಿ ಸಂಚಾರಿಯಲ್ಲದೆ ಹಗಲೆಲ್ಲ ಓಡಾಡುವುದರಿಂದ ನೋಡಲು ಬೇಕಾದಷ್ಟಿದೆ. ಗಂಡು ಕಪ್ಪೆ ಗೊದಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ನೀರಿರುವ ಎಲೆಯ ಕುಳಿಗೆ ಸಾಗಿಸುವುದನ್ನು ಪೆಟ್ಟಿಗೆಯಲ್ಲೇ ಕಾಣಬಹುದಂತೆ. ಇದಕ್ಕೆ ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ತನ್ನ ಮೊಟ್ಟೆಗಳಿಗೆ ತಾನೇ ಮಣ್ಣು ಮೆತ್ತುವ ಗಂಡು ಕಪ್ಪೆಯೊಂದನ್ನು ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿ ಅದಕ್ಕೆ 'ಕುಂಬಾರ' ಎಂಬ ಕನ್ನಡದ ಹೆಸರನ್ನೇ ಇಟ್ಟಿದ್ದಾರೆ.

ಆಹಾರ ಹಣ್ಣುನೊಣ. ಬಾಳೆಹಣ್ಣು ಕೊಳೆತಾಗ ಮುತ್ತುವ ಪುಟ್ಟ ನೊಣವೇ ಅದು. ಹಾರಲಾರದ ತಳಿಯನ್ನು ಸೀಸೆಯಲ್ಲಿ ಬೆಳೆಸಿ, ಸುಣ್ಣಾಂಶ ಮತ್ತು ಜೀವಸತ್ತ್ವದ ಪುಡಿ ಮೆತ್ತಿ ಉಣಿಸುತ್ತಾರೆ. ಒಂದು ಪೀಳಿಗೆ ಬೆಳೆಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ ಪ್ರಾಣಿಶಾಸ್ತ್ರದ ಗೆಳೆಯರು ಹತ್ತಿಯ ಬಿರಡೆ ಹಾಕಿದ ನೊಣದ ಸೀಸೆಗಳನ್ನು ಮಕ್ಕಳಂತೆ ಜೋಪಾನ ಮಾಡುವುದನ್ನು ಕಂಡು ನಗುತ್ತಿದ್ದೆವು. ಆ ವಿಭಾಗ ಹಣ್ಣುನೊಣದ ಅಧ್ಯಯನಕ್ಕೆ ಹೆಸರಾದದ್ದು. ಅಲ್ಲಿ ನೊಣದ ತಳಿಗಳ ಸಂಗ್ರಹಕೇಂದ್ರವೇ ಇದೆ. ಕಪ್ಪೆ ಸಾಕುವವನು ಮೊದಲು ನೊಣ ಸಾಕಲು ಕಲಿಯಬೇಕೆಂದು ತಿಳಿದಾಗ ಆ ನಗು ನೆನಪಾಗಿ ನಾಚಿಕೆಯಾಯಿತು. ಬಲ್ಲವರು ಹೇಳುವ ಕ್ರಮವೂ ಅದೇ: ಮೊದಲು ಪೆಟ್ಟಿಗೆ, ಆಮೇಲೆ ಗಿಡ, ಆಮೇಲೆ ನೊಣ, ಕೆಲವು ವಾರ ಎಲ್ಲವೂ ಸರಿಯಾಗಿ ನಡೆದ ಮೇಲೆ, ಕಟ್ಟಕಡೆಗೆ, ಕಪ್ಪೆ. ಅದೂ ಕಾಡಿನಿಂದ ಹಿಡಿದದ್ದಾಗಿರದೆ ಸಾಕಣೆಯಲ್ಲೇ ಹುಟ್ಟಿದ್ದಾಗಿರಬೇಕು. ಒಮ್ಮೆ ತಂದರೆ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಜೀವ.

ಕಾಡಿನಿಂದ ಹಿಡಿಯಬಾರದೆಂಬುದಕ್ಕೆ ಬರಿಯ ಕರುಣೆಯಷ್ಟೇ ಕಾರಣವಲ್ಲ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಜಗತ್ತಿನ ಹಲವೆಡೆ ಕಪ್ಪೆಗಳು ಕಾರಣ ತಿಳಿಯದೆ ಸಾಯುತ್ತಿದ್ದವು. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಸತ್ತ ನೀಲಿ ಬಾಣಗಪ್ಪೆಯ ಚರ್ಮದಿಂದ ಒಂದು ಶಿಲೀಂಧ್ರವನ್ನು ಬೇರ್ಪಡಿಸಿ 1999ರಲ್ಲಿ ಅದಕ್ಕೆ ಹೆಸರಿಟ್ಟರು. ಆ ಹೆಸರಿನಲ್ಲಿ ಬಾಣಗಪ್ಪೆಯ ಕುಲನಾಮವೇ ಸೇರಿಕೊಂಡಿದೆ. 2019ರಲ್ಲಿ ಹೊರಬಂದ ಒಂದು ಅಧ್ಯಯನದ ಪ್ರಕಾರ ಆ ರೋಗದಿಂದ ಕ್ಷೀಣಿಸಿದ ಉಭಯವಾಸಿಗಳು ಕಡಿಮೆಯೆಂದರೂ 501 ಬಗೆ, ಅಳಿದುಹೋದವೆಂದು ಭಾವಿಸಲಾದವು 90. ದೇಶದಿಂದ ದೇಶಕ್ಕೆ ಕಪ್ಪೆ ಸಾಗಿಸುವ ವ್ಯಾಪಾರವೇ ಅದನ್ನು ಹರಡಿದ ದಾರಿಗಳಲ್ಲೊಂದು. ಕೊಲೆಗಾರನ ಗುರುತು ಸಿಕ್ಕಿದ್ದು ಸಾಕಿದ ಕಪ್ಪೆಯಿಂದ. ಕೊಲೆಗಾರನಿಗೆ ದಾರಿ ತೆರೆದದ್ದರಲ್ಲಿ ಸಾಕುವ ಆಸೆಯ ಪಾಲೂ ಇದೆ. ಇತಿಹಾಸದಲ್ಲಿ ಇಂಥ ಎರಡಲಗಿನ ಸಂಗತಿಗಳೇ ಹೆಚ್ಚು.

ಕಾನೂನೂ ಈಗ ಬಿಗಿಯಾಗಿದೆ. ಬಾಣಗಪ್ಪೆಗಳ ಪ್ರಮುಖ ಕುಲಗಳು 1987ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಪ್ಪಂದದ ಪಟ್ಟಿಯಲ್ಲಿವೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳಂತೆ, ಅಂಥ ಪರದೇಶದ ಪ್ರಾಣಿಯನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ಕಾಗದಪತ್ರವಿಲ್ಲದೆ ಅಂಗಡಿಯವರು ಕೊಡುವ ಕಪ್ಪೆಗೆ ಕೈ ಚಾಚಬಾರದೆಂದು ಮೊಮ್ಮಗನಿಗೆ ಹೇಳಿದ್ದೇನೆ.

ಕನ್ನಡದಲ್ಲಿ 'ಸಾಕು' ಎಂಬ ಮಾತಿಗೆ ಎರಡು ಅರ್ಥ. ಪೋಷಿಸು ಎಂಬುದೊಂದು, ಇಷ್ಟಕ್ಕೆ ನಿಲ್ಲಿಸು ಎಂಬುದೊಂದು. ವ್ಯುತ್ಪತ್ತಿಯ ಗೊಡವೆ ಇಲ್ಲಿ ಬೇಡ. ಬಾಳಿನಲ್ಲಿ ಮಾತ್ರ ಎರಡನೆಯದನ್ನು ಅರಿಯದವನಿಗೆ ಮೊದಲನೆಯದು ಕೈಹತ್ತುವುದಿಲ್ಲವೆಂದು ನನ್ನ ಅನುಭವ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ, ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು ಎಂದು ಅಶೋಕನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕೊರೆಸಿದ್ದಾನೆ. ತರಗತಿಯಲ್ಲಿ ಅದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಆ 'ದೃಢ' ಎಂಬ ಮಾತಿನ ಮೇಲೆ ನಿಲ್ಲಲಿಲ್ಲ. ಮಡಕೆಗೆ ಹೆಂಚು ಮುಚ್ಚಿದ ಹುಡುಗನಲ್ಲಿಯೂ ದಯೆಯಿತ್ತು. ಮರುದಿನಕ್ಕೆ ಅದು ಉಳಿಯಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಆ ವರ್ಷದ ಮಳೆಯಲ್ಲಿ ನಮ್ಮೂರಿನ ಹೊಲಗಳಲ್ಲೆಲ್ಲ ಕಪ್ಪೆಗಳ ದನಿ ಎದ್ದಿತು. ಇಷ್ಟು ದಿನ ಇವೆಲ್ಲ ಎಲ್ಲಿದ್ದವು ಎಂದು ಬೆರಗಾದೆ. ನೆಲದೊಳಗೆ ತೋಡಿಕೊಂಡು ಕುಳಿತು, ಮಳೆಗಾಗಿ ಕಾದಿದ್ದವು. ನಮ್ಮ ಸೀಮೆಯ ಕಪ್ಪೆ ಬರವನ್ನು ತಾಳಬಲ್ಲದು. ತಾಳಲಾರದ್ದು ನನ್ನ ಮಡಕೆಯನ್ನು.

ಮೊಮ್ಮಗನಿಗೆ ಬೇಡವೆನ್ನಲಿಲ್ಲ. "ಮೊದಲು ಪೆಟ್ಟಿಗೆ ಮಾಡಪ್ಪಾ, ಕಪ್ಪೆ ಆಮೇಲೆ" ಎಂದೆ. ಅವನು ಮಾಡಿದ. ಹಾಸ್ಟೆಲಿನಲ್ಲಿ ಇಡಲು ಬಿಡದ ಕಾರಣ ಅದೀಗ ನಮ್ಮ ನಡುಮನೆಯ ತಂಪು ಮೂಲೆಯಲ್ಲಿದೆ. ಜರಿಗಿಡ ಚಿಗುರಿದೆ, ಪಾಚಿ ಹಬ್ಬಿದೆ, ಕಪ್ಪೆಯಿಲ್ಲ. ದಿನವೂ ಬೆಳಿಗ್ಗೆ ನೀರು ಎರಚಿ, ಒಳಗಿನ ಉಷ್ಣಮಾಪಕ ನೋಡಿ ಬರೆದಿಡುವ ಕೆಲಸ ನನ್ನದು. ಈ ಚೈತ್ರದಲ್ಲಿ ಅದು 33 ತೋರಿಸಿತು. ಹೀಗಾದರೆ ಕಪ್ಪೆ ತರುವಂತಿಲ್ಲವೆಂದು ಹುಡುಗನಿಗೆ ಫೋನು ಮಾಡಿ ಹೇಳಿದೆ. "ಇರಲಿ ತಾತಾ, ಇನ್ನೂ ಒಂದು ವರ್ಷ ನೋಡೋಣ, ನೀರು ಮಾತ್ರ ತಪ್ಪಿಸಬೇಡಿ" ಎಂದ. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ.

(ಬಾನುಲಿ ಭಾಷಣ)